ಇಎಂಎಸ್ ಹುಡುಗಿಯ ಅಡಿ ಲೆಕ್ಕ

ಡಿಗ್ರಿಗೆ ಇಎಂಎಸ್ ತಗೊಂಡೆ ಎಂದು ಕೊಡಗಿನ ಹಾರಂಗಿಯ ಹುಡುಗಿ ಹೇಳಿದಾಗ ಸೋದರಮಾವ ಕೇಳಿದ್ದು, 'ಸ್ಪೀಡ್ ಪೋಸ್ಟಾ?' ಅಂಚೆ ಲಕೋಟೆಯ ಮೇಲೆ ಆ ಮೂರಕ್ಷರ ನೋಡಿ ಅಭ್ಯಾಸವಾದವರು, ಪಾಪ. ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಎಂದು ಬಿಡಿಸಿ ಹೇಳಿದ ಮೇಲೆ ಮುಖ ಇನ್ನಷ್ಟು ಬಾಡಿತು. 'ಮೂರರಲ್ಲೂ ಲೆಕ್ಕವೇ ಅಲ್ವೇನಮ್ಮಾ?'

ಅಲ್ಲ ಎಂಬುದು ಬೆಂಗಳೂರಿಗೆ ಹೋದ ಮೇಲೆ ತಿಳಿಯಿತು. ಗಣಿತದ ಮೇಷ್ಟ್ರು ಸಾಧಿಸಿ ತೋರಿಸಿದ್ದನ್ನು ಮಾತ್ರ ನಂಬುವವರು. ಸಂಖ್ಯಾಶಾಸ್ತ್ರದ ಮೇಡಂಗೆ ನೂರಕ್ಕೆ ತೊಂಬತ್ತೈದರಷ್ಟು ವಿಶ್ವಾಸ ಇದ್ದರೆ ಸಾಕು. ಅರ್ಥಶಾಸ್ತ್ರದವರು ಬಾಯಿ ತೆರೆಯುವುದೇ 'ಇತರ ಅಂಶಗಳು ಸ್ಥಿರವಾಗಿದ್ದರೆ' ಎಂದು. ಜುಲೈ ತಿಂಗಳ ಕೊಡಗನ್ನು ಕಂಡವರು ಯಾರೂ ಆಡಲಾರದ ಮಾತು!

ಈ ಮೂವರಿಗೂ ಕೈತುಂಬ ಕೆಲಸ ಕೊಡುವ ಜಲಾಶಯ ಅವಳ ಊರಿನಲ್ಲೇ ಇತ್ತು. ಹಾರಂಗಿಯ ಗರಿಷ್ಠ ಮಟ್ಟ 2,859 ಅಡಿ, ಸಾಮರ್ಥ್ಯ 8.5 ಟಿಎಂಸಿ. ಮಳೆಗಾಲದಲ್ಲಿ ಪತ್ರಿಕೆ ಬಂದೊಡನೆ ಜನ ಓದುವುದು ಒಳಹರಿವು, ಹೊರಹರಿವು. 10,000 ಕ್ಯೂಸೆಕ್ ನೀರು ದಿನವಿಡೀ ಹರಿದು ಬಂದರೆ 0.864 ಟಿಎಂಸಿ, ಇದಕ್ಕೆ ಗುಣಾಕಾರ ಸಾಕು. ಒಂದು ಅಡಿ ಏರಿದರೆ ಎಷ್ಟು ನೀರು ಎಂದು ಕೇಳಿದಿರೋ, ತೊಡಕು ಶುರು. ಕಣಿವೆ ಮೇಲಕ್ಕೆ ಹೋದಂತೆ ಅಗಲ. ಮೇಲಿನ ಒಂದು ಅಡಿಯಲ್ಲಿ ತಳದ ಒಂದು ಅಡಿಗಿಂತ ಎಷ್ಟೋ ಹೆಚ್ಚು ನೀರು. ಇಷ್ಟು ಹೇಳಿ ಗಣಿತ ಕೈ ತೊಳೆದುಕೊಳ್ಳುತ್ತದೆ. ಅರ್ಥಶಾಸ್ತ್ರದ ಲೆಕ್ಕ ತಿರುಗುಮುರುಗು: ಕ್ರೆಸ್ಟ್ ಗೇಟು ತೆರೆದು ಹೊರಬಿಡುವ ಜುಲೈ ನೀರಿಗೆ ಬೆಲೆಯಿಲ್ಲ, ಏಪ್ರಿಲ್‌ನಲ್ಲಿ ತಳ ಕಾಣುವ ಹೊತ್ತಿನ ನೀರಿಗೆ ಬೆಲೆ ಕಟ್ಟಲಾಗದು. ಪಿರಿಯಾಪಟ್ಟಣದ ಕಡೆ ನಾಲೆಯ ಕೊನೆಯಲ್ಲಿ ಗದ್ದೆ ಇರುವ ರೈತನಿಗೆ ಸೀಮಾಂತ ತುಷ್ಟಿಗುಣದ ಪಾಠ ಬೇರೆ ಬೇಕಿಲ್ಲ.

ಆ ನೀರು ಬಂದೀತೇ ಎಂದು ಹೇಳಬೇಕಾದದ್ದು ಸಂಖ್ಯಾಶಾಸ್ತ್ರ. ಕೊಡಗಿನ ಕಾಫಿ ತೋಟದವರು ಇದರಲ್ಲಿ ಪಳಗಿದವರು. ಹೂಮಳೆ ಎಷ್ಟು ಇಂಚು, ಎಷ್ಟು ಸೆಂಟು ಎಂದು ಡೈರಿಯಲ್ಲಿ ಬರೆದಿಡುತ್ತಾರೆ. ಅಂಥ ಹಳೆಯ ದಾಖಲೆಗಳ ಬೆಲೆ ಗೊತ್ತಿದ್ದವರು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್. 1926ರಲ್ಲಿ ಒಡಿಶಾದ ಬ್ರಾಹ್ಮಣಿ ನದಿ ಉಕ್ಕಿದಾಗ, ನದಿಯ ತಳವೇ ಮೇಲೆದ್ದಿದೆ, ದಂಡೆ ಎತ್ತರಿಸಿ ಎಂದಿದ್ದರು ಎಂಜಿನಿಯರುಗಳು. ವರ್ಷಾನುವರ್ಷದ ಮಳೆ, ಪ್ರವಾಹದ ಅಂಕಿಗಳನ್ನು ಜಾಲಾಡಿದ ಮಹಾಲನೋಬಿಸ್, ತಳ ಇದ್ದಲ್ಲೇ ಇದೆ, ಬಿದ್ದ ಮಳೆಯೇ ವಿಪರೀತ ಎಂದರು. ಅವರು ಓದಿದ್ದು ಭೌತಶಾಸ್ತ್ರ ಎಂಬುದನ್ನು ನಮ್ಮ ಹುಡುಗಿ ಮಾವನಿಗೆ ಹೇಳಲಿಲ್ಲ.

ಕೊನೆಗೆ ಮಾವ ನೌಕರಿಯ ವಿಷಯಕ್ಕೇ ಬಂದರು. ಭಾರತೀಯ ಆರ್ಥಿಕ ಸೇವೆ, ಸಾಂಖ್ಯಿಕ ಸೇವೆ ಎರಡೂ ಇವೆ, ಯುಪಿಎಸ್‌ಸಿ ಪರೀಕ್ಷೆ ಎಂದಳು.

'ಗಣಿತ ಸೇವೆ?'

'ಅದಿಲ್ಲ ಮಾವ.'

'ನೋಡು, ಕಷ್ಟದ್ದಕ್ಕೇ ಕೆಲಸ ಇಟ್ಟಿಲ್ಲ' ಎಂದು ಮಾವ ಪೇಪರಿನಲ್ಲಿ ಒಳಹರಿವು ಹುಡುಕತೊಡಗಿದರು.