ನವಗಂಧಪರೀಕ್ಷಾ ಮೀಮಾಂಸೆ

ಶಾಸ್ತ್ರಾರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ನಿರೂಪಿಸದೆ ಮುಂದುವರಿಯತಕ್ಕದ್ದಲ್ಲವೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದುದರಿಂದ, ಈ ಪ್ರಬಂಧದ ವಿಷಯವು ಹೊಸದೊಂದು ಸುಗಂಧವನ್ನು ಮೈಗೆ ಹಚ್ಚಿಕೊಂಡು ಪರೀಕ್ಷಿಸುವ ಕ್ರಮವೆಂತಲೂ, ಪ್ರಯೋಜನವು ಯಾವುದೂ ಇಲ್ಲವೆಂತಲೂ, ಸಂಬಂಧವು ಮುಖ್ಯವಾಗಿ ಅಕ್ಕಭಾವಂದಿರದೆಂತಲೂ, ಅಧಿಕಾರಿಯು ದೀರ್ಘ ರಜೆಯ ಮೇಲಿರುವ ಉದ್ಯೋಗಸ್ಥನೇ ಹೊರತು ಅನ್ಯನಲ್ಲವೆಂತಲೂ ಮೊದಲಿಗೇ ಸ್ಪಷ್ಟಪಡಿಸುತ್ತೇವೆ. ಕಛೇರಿಯ ದಿನಗಳಲ್ಲಿ ಉದ್ಯೋಗಸ್ಥನು ಹೊಸ ಪರಿಮಳವನ್ನು ಧರಿಸಿ ಹೋದನಾದರೆ ಸಹೋದ್ಯೋಗಿಗಳು ಅದನ್ನು ಬೇರೆ ಕಡೆಯ ಸಂದರ್ಶನಕ್ಕೋ, ಮನೆಯಲ್ಲಿ ಹೇಳಲಾಗದ ಮತ್ತೊಂದು ಕಾರಣಕ್ಕೋ, ಅಥವಾ ಆ ದಿನದ ಸ್ನಾನ ತಪ್ಪಿದುದಕ್ಕೋ ಆರೋಪಿಸುವರಾಗಿ, ಗಂಧದ ವಿಚಾರವು ಹಿಂದೆ ಸರಿದು ಗಂಧಧಾರಿಯ ಚಾರಿತ್ರ್ಯದ ವಿಚಾರವೇ ಮುಂದಾಗುತ್ತದೆ. ದೀರ್ಘ ರಜೆಯಲ್ಲಿ, ಅದರಲ್ಲೂ ಅಕ್ಕನ ಊರಿನಲ್ಲಿ, ಚಾರಿತ್ರ್ಯವು ಬಾಲ್ಯದಲ್ಲಿಯೇ ನಿರ್ಣಯವಾಗಿಹೋಗಿರುವ ಕಾರಣ ಆ ತೊಡಕಿಲ್ಲ.

ಪ್ರಯೋಗಭೂಮಿಯಾಗಿ ಬಸವಕಲ್ಯಾಣವನ್ನು ಆರಿಸಿಕೊಂಡುದು ಅಲ್ಲಿ ಊಟ ವಸತಿಗಳು ಉಚಿತವೆಂಬ ಕ್ಷುಲ್ಲಕ ಹೇತುವಿನಿಂದಲೆಂದು ಮಂದಮತಿಗಳು ಭಾವಿಸಬಹುದು. ಭರತಖಂಡದಲ್ಲಿ ಈ ಶಾಸ್ತ್ರಕ್ಕೆ ಇದಕ್ಕಿಂತ ಹಿರಿದಾದ ಪೀಠವಿಲ್ಲವೆಂಬುದನ್ನು ಅವರು ಅರಿಯರು. ಕಲ್ಯಾಣದ ಚಾಲುಕ್ಯರಲ್ಲಿ ಭೂಲೋಕಮಲ್ಲನೆಂದೂ ಸರ್ವಜ್ಞ ಚಕ್ರವರ್ತಿಯೆಂದೂ ಬಿರುದಾಂಕಿತನಾದ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಆಸುಪಾಸಿನಲ್ಲಿ ಇದೇ ಊರಿನಲ್ಲಿ ರಚಿಸಿದ, ಅಭಿಲಷಿತಾರ್ಥ ಚಿಂತಾಮಣಿಯೆಂಬ ಮತ್ತೊಂದು ಹೆಸರೂ ಉಳ್ಳ ‘ಮಾನಸೋಲ್ಲಾಸ’ವು ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ, ಒಟ್ಟು 100 ಅಧ್ಯಾಯಗಳಲ್ಲಿ ಹರಡಿಕೊಂಡಿದ್ದು, ಅದರ ಮೂರನೆಯ ವಿಂಶತಿಯು ಪೂರ್ತಿಯಾಗಿ ಉಪಭೋಗಗಳಿಗೇ ಮೀಸಲಾಗಿದೆ. ಗೃಹ, ಸ್ನಾನ, ಪಾದುಕೆ, ತಾಂಬೂಲಗಳಾದ ಬೆನ್ನಿಗೆ ವಿಲೇಪನಭೋಗವೆಂದು ಮೈಗೆ ಪೂಸುವ ಗಂಧಗಳಿಗೊಂದು ಅಧ್ಯಾಯ. ಮುಂದೆ ಧೂಪಭೋಗವೆಂದು ಪುಡಿ, ಉಂಡೆ, ಬತ್ತಿಗಳೆಂಬ ಮೂರು ರೂಪದ ಧೂಪಗಳಿಗೆ ಮತ್ತೊಂದು. ಕುಡಿಯುವ ನೀರಿಗೆ ಕೂಡ ಹೂವು ಕರ್ಪೂರಗಳ ವಾಸನೆ ಕಟ್ಟುವ ವಿಧಾನವನ್ನು ಪಾನೀಯಭೋಗದಲ್ಲಿ ಹೇಳಲಾಗಿದೆ. (ಪುತ್ರರನ್ನೂ ಉಪಭೋಗಗಳ ಪಟ್ಟಿಯಲ್ಲಿ ಸೇರಿಸಿರುವುದನ್ನು ನೋಡಿದರೆ, ಚಕ್ರವರ್ತಿಯು ಬೇಸಗೆ ರಜೆಯಲ್ಲಿ ಮಕ್ಕಳಿರುವ ಮನೆಯಲ್ಲಿ ತಂಗಿದವನಲ್ಲವೆಂದು ತೋರುತ್ತದೆ.) ತಂದೆಯಾದ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಅರ್ಧ ಶತಮಾನ ಆಳಿ, ದಂಡೆತ್ತಿ, ಗೆದ್ದು ಕೂಡಿಟ್ಟ ನೆಮ್ಮದಿಯಲ್ಲಿ ಕುಳಿತು ಸುಗಂಧದ ಪಾಕಗಳನ್ನು ಶ್ಲೋಕಬದ್ಧವಾಗಿಸಿದ ಮಗನು ಕೂಡ ಒಂದರ್ಥದಲ್ಲಿ ದೀರ್ಘ ರಜೆಯ ಮೇಲಿದ್ದವನೇ ಆಗಿರುವುದರಿಂದ, ನಮ್ಮ ಅಧಿಕಾರಿಲಕ್ಷಣಕ್ಕೆ ರಾಜಸಮ್ಮತಿಯೂ ದೊರೆತಂತಾಯಿತು.

ಆದರೂ ಆ ಮಹಾಗ್ರಂಥದಲ್ಲಿ ಒಂದು ಕೊರತೆಯುಂಟು. ಯಾವ ದ್ರವ್ಯಗಳನ್ನು ಕೂಡಿಸಬೇಕು, ಯಾವ ಋತುವಿಗೆ ಯಾವ ಲೇಪ ಹಿತ ಎಂಬುದನ್ನು ವಿಸ್ತರಿಸುವ ಗ್ರಂಥಕಾರನು, ಲೇಪ ಹಚ್ಚಿಕೊಂಡವನು ಪಡಸಾಲೆಗೆ ಬಂದಾಗ ಕೂತವರು ಏನನ್ನುವರು ಎಂಬ ವಿಷಯದಲ್ಲಿ ಮೌನವಾಗಿದ್ದಾನೆ. ಸಾಮ್ರಾಟನ ಆಸ್ಥಾನದಲ್ಲಿ ಮೂಗು ಮುಚ್ಚಿಕೊಳ್ಳುವ ಸ್ವಾತಂತ್ರ್ಯ ಯಾರಿಗೂ ಇರದಿದ್ದುದೇ ಇದಕ್ಕೆ ಕಾರಣವಾಗಿರಬೇಕು. ಇದಕ್ಕೂ ಒಂದು ಶತಕದಷ್ಟು ಹಿಂದೆ, ಅದೇ ವಂಶದ ಜಯಸಿಂಹನ ಕಾಲದಲ್ಲಿ, ಕನ್ನಡದಲ್ಲಿಯೇ ‘ಲೋಕೋಪಕಾರ’ವನ್ನು ಬರೆದ ಚಾವುಂಡರಾಯನು ಬಾವಿ ತೋಡುವುದು, ಗಿಡ ಬೆಳೆಸುವುದು, ಅಡುಗೆ ಮಾಡುವುದು ಇವುಗಳ ನಡುವೆ ಸುಗಂಧಗಳಿಗೂ ಎಡೆಗೊಟ್ಟು ಈ ವಿದ್ಯೆಯನ್ನು ಗೃಹಸ್ಥರ ಅಂಗಳಕ್ಕೆ ಇಳಿಸಿದನೆಂಬುದು ಸ್ತುತ್ಯವೇ ಸರಿ, ಅಲ್ಲಿಯೂ ಅಕ್ಕಭಾವಂದಿರ ಪ್ರಸ್ತಾಪವಿಲ್ಲ.

ಇನ್ನು ಗಂಧಗಳ ಸಂಖ್ಯೆಯ ವಿಚಾರ. ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿ ಪ್ರಕರಣದಲ್ಲಿ ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆಯ್ದರೆ 1,820 ಭೇದಗಳಾಗುವುವೆಂದು ಲೆಕ್ಕವಿಟ್ಟು, ಪ್ರಮಾಣಭೇದವನ್ನೂ ಸೇರಿಸಿದರೆ 1,74,720 ಗಂಧಗಳಾಗುವುವೆನ್ನುತ್ತಾನೆ. ದಿನಕ್ಕೊಂದರಂತೆ ಪರೀಕ್ಷಿಸುವುದಾದರೆ ಮೊದಲ ಲೆಕ್ಕಕ್ಕೇ ಐದು ವರ್ಷಕ್ಕೆ ಐದು ದಿನ ಕಡಮೆಯಷ್ಟು ರಜೆ ಬೇಕು. ಎರಡನೆಯದಕ್ಕೆ 478 ವರ್ಷ ದಾಟುವುದರಿಂದ ಕಲ್ಯಾಣದ ಚಾಲುಕ್ಯವಂಶವು ತಲೆಮೊದಲಿನಿಂದ ಕೊನೆಯವರೆಗೆ ಎರಡು ಸಲ ಆಳಿ ಮುಗಿಸಿದರೂ ಪರೀಕ್ಷೆ ಬಾಕಿಯುಳಿಯುತ್ತದೆ. ಯಾವ ಇಲಾಖೆಯ ರಜಾ ನಿಯಮಾವಳಿಯೂ ಇದಕ್ಕೆ ಅವಕಾಶ ಕೊಡದಿರುವುದರಿಂದ, ಒಂದನ್ನೇ ಆರಿಸಿಕೊಳ್ಳುವುದು ನ್ಯಾಯ್ಯವೆಂದು ಸಿದ್ಧಾಂತವಾಯಿತು.

ಆರಿಸಿದ್ದು ಮಿಟ್ಟಿ ಅತ್ತರು. ಗುಲಾಬ್, ಮೋಗ್ರಾ, ಖಸ್, ಹಿನಾ, ಶಮಾಮಾ ಮುಂತಾದವು ಮದುವೆಮನೆಗಳಲ್ಲಿ, ಉರುಸುಗಳಲ್ಲಿ ನಮ್ಮ ಸೀಮೆಯವರ ಮೂಗಿಗೆ ತಲತಲಾಂತರದಿಂದ ಪರಿಚಿತವಾಗಿರುವುದರಿಂದ ಅವುಗಳಲ್ಲಿ ನವತ್ವವಿಲ್ಲ. ಮಿಟ್ಟಿಯೆಂದರೆ ಮಣ್ಣು. ಉತ್ತರದ ಕನೌಜಿನಲ್ಲಿ ಸುಟ್ಟ ಮಣ್ಣನ್ನು ‘ದೇಗ್’ ಎಂಬ ತಾಮ್ರದ ಹಂಡೆಯಲ್ಲಿ ನೀರಿನೊಡನೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಕೆಳಗೆ ಉರಿಯಿಟ್ಟು, ಏಳುವ ಆವಿಯನ್ನು ಬಿದಿರಿನ ಕೊಳವೆಯ ಮೂಲಕ ನೀರಿನಲ್ಲಿ ತಂಪಾಗಿ ಕುಳಿತ ‘ಭಪಕಾ’ ಎಂಬ ಪಾತ್ರೆಯೊಳಗಣ ಗಂಧದೆಣ್ಣೆಗೆ ಇಳಿಸಿ, ಬೇಸಗೆಯ ನೆಲದ ಮೇಲೆ ಬಿದ್ದ ಮೊದಲ ಮಳೆಯ ವಾಸನೆಯನ್ನು ಅವರು ಸೀಸೆಯಲ್ಲಿ ಹಿಡಿಯುತ್ತಾರೆ. ಆಸ್ಟ್ರೇಲಿಯದ ಬೇರ್ ಮತ್ತು ಥಾಮಸ್ ಎಂಬ ವಿಜ್ಞಾನಿಗಳು 1964ರಲ್ಲಿ ಇದೇ ಮಳೆಗಂಧಕ್ಕೆ ಪೆಟ್ರಿಕೋರ್ ಎಂದು ನಾಮಕರಣ ಮಾಡಿ, ಒಣನೆಲವು ಹೀರಿಕೊಂಡಿರುವ ತೈಲಾಂಶಗಳಿಂದ ಅದು ಹೊಮ್ಮುವುದೆಂದು ತೋರಿಸಿದಾಗ, ಕನೌಜಿನವರು ಅದನ್ನು ಮೊದಲೇ ಮಾರುತ್ತಿದ್ದ ಸಂಗತಿಯನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. ಗಂಧದೆಣ್ಣೆ ತುಟ್ಟಿಯಾದ ಈ ಕಾಲದಲ್ಲಿ ಅಗ್ಗದ ಸೀಸೆಗಳಲ್ಲಿ ಅದರ ಎಡೆಗೆ ಬೇರೆ ಎಣ್ಣೆಗಳು ಬಂದು ಕುಳಿತಿವೆಯಾದರೂ, ಈ ಸೀಸೆಯಲ್ಲಿ ಅಪ್ಪಟ ಗಂಧವೇ ಇರುವುದೆಂದು ಅತ್ತರಿನವನು ಆಣೆಯಿಟ್ಟನು. ‘ಕೈಹಿಂದ ಹಚ್ಚ್‌ರಿ ಸಾಹೇಬ್ರ, ತಿಕ್ಕಬ್ಯಾಡ್ರಿ. ತಿಕ್ಕಿದ್ರ ಸಾಯ್ತದ’ ಎಂದು ಗಾಜಿನ ಕಡ್ಡಿಯನ್ನು ನಮ್ಮ ಮುಂಗೈಗೆ ಮುಟ್ಟಿಸಿ, ಹತ್ತಿಯ ಫಾಯಾ ಒಂದನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿದನು. ಇಡೀ ಗಂಧಶಾಸ್ತ್ರದಲ್ಲಿ ಇಷ್ಟು ಸಂಕ್ಷಿಪ್ತವಾದ ಉಪದೇಶವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಸೋಮೇಶ್ವರನು 1138ರಲ್ಲಿ ತೀರಿಕೊಂಡ ಕೆಲವೇ ದಶಕಗಳೊಳಗೆ, ಅದೇ ಕಲ್ಯಾಣದಲ್ಲಿ, ಬಿಜ್ಜಳನ ಆಳಿಕೆಯಲ್ಲಿ, ಬಸವಣ್ಣನವರೂ ಅವರೊಡನಿದ್ದ ಶರಣರೂ ಭೋಗಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಕಾಯಕವನ್ನು ಎತ್ತಿ ಹಿಡಿದರಷ್ಟೆ. ಅಷ್ಟಾವರಣದಲ್ಲಿ ವಿಭೂತಿಯುಂಟೇ ವಿನಾ ಅತ್ತರಿಲ್ಲವಷ್ಟೆ. ಆದುದರಿಂದ ಬಸವಕಲ್ಯಾಣವೆಂದು ಹೆಸರು ಹೊತ್ತ ಊರಿನಲ್ಲಿ ಗಂಧಪರೀಕ್ಷೆಯು ಸ್ಥಳವಿರುದ್ಧವಲ್ಲವೇ ಎಂದು. ಇದಕ್ಕೆ ಸಮಾಧಾನ: ಷಟ್‌ಸ್ಥಲದ ವ್ಯವಸ್ಥೆಯಲ್ಲಿ ಮೊದಲನೆಯದಾದ ಭಕ್ತಸ್ಥಲಕ್ಕೆ ಆಚಾರಲಿಂಗವೂ, ಆಚಾರಲಿಂಗಕ್ಕೆ ನಾಸಿಕವೆಂಬ ಮುಖವೂ, ಆ ಮುಖಕ್ಕೆ ಗಂಧವೆಂಬ ಅರ್ಪಿತವೂ ಹೇಳಲ್ಪಟ್ಟಿರುವುದರಿಂದ, ಮೂಗು ಇಲ್ಲಿ ಪ್ರಥಮ ಸೋಪಾನವೇ ಆಗಿದೆ, ಅರ್ಪಿಸಿದ ಮೇಲೆ ಅನುಭವಿಸಬೇಕೆಂಬುದು ಅವರ ನಿಯಮ. ನಾವು ಅನುಭವಿಸಿದ ಮೇಲೆ ಬಸ್ಸಿನಲ್ಲಿದ್ದ ಸರ್ವರಿಗೂ ಅರ್ಪಿಸಿದೆವೆಂಬಷ್ಟೇ ವ್ಯತ್ಯಾಸ.

ಬಸ್ಸಿನ ಪ್ರಕರಣವನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ಗಂಧವು ಕಾಲಕ್ರಮದಲ್ಲಿ ಬಿಚ್ಚಿಕೊಳ್ಳುವ ವಸ್ತುವಾದುದರಿಂದ ಅದಕ್ಕೆ ಆದಿ, ಮಧ್ಯ, ಅಂತ್ಯಗಳೆಂಬ ಮೂರು ಅವಸ್ಥೆಗಳುಂಟೆಂದು ಪಾಶ್ಚಾತ್ಯ ಗಂಧಿಗರೂ ಒಪ್ಪುತ್ತಾರೆ. ಹಗುರವಾದ ಅಂಶಗಳು ಮೊದಲು ಹಾರಿಹೋಗಿ ಭಾರವಾದವು ಚರ್ಮಕ್ಕೆ ಅಂಟಿ ನಿಲ್ಲುವುದೇ ಇದಕ್ಕೆ ಕಾರಣ. ಈ ಅವಸ್ಥೆಗಳನ್ನು ಗಡಿಯಾರದಿಂದ ಅಳೆಯುವುದು ಸಾಮಾನ್ಯ ಪದ್ಧತಿಯಾದರೆ, ನಾವು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವಾಹನದಿಂದ ಅಳೆದೆವು. ಬಸವಕಲ್ಯಾಣದ ನಿಲ್ದಾಣದಲ್ಲಿ ಹಚ್ಚಿಕೊಂಡ ಅತ್ತರು ಹೆದ್ದಾರಿ ಕೂಡುವ ಸಸ್ತಾಪುರ ಬಂಗ್ಲಾದವರೆಗೆ ಹಸಿ ಮಣ್ಣಾಗಿಯೂ, ರಾಜೇಶ್ವರದಲ್ಲಿ ಮಣ್ಣೂ ಗಂಧವೂ ಸಮಸಮವಾಗಿಯೂ, ಹುಮನಾಬಾದಿನಲ್ಲಿ ಬರಿಯ ಗಂಧವಾಗಿಯೂ ಇಳಿಯಿತು. ಆದಕಾರಣ ಆದಿಗಂಧವನ್ನು ಸಸ್ತಾಪುರವೆಂದೂ ಮಧ್ಯಗಂಧವನ್ನು ರಾಜೇಶ್ವರವೆಂದೂ ಅಂತ್ಯಗಂಧವನ್ನು ಹುಮನಾಬಾದೆಂದೂ ಶಾಸ್ತ್ರಜ್ಞರು ಇನ್ನು ಮುಂದೆ ವ್ಯವಹರಿಸತಕ್ಕದ್ದು. ಮೇ ತಿಂಗಳ ಬಿಸಿಲಿನಲ್ಲಿ, ಉಳ್ಳಾಗಡ್ಡಿಯ ಚೀಲ, ಡೀಸೆಲ್ಲು, ಕೊಬ್ಬರಿ ಎಣ್ಣೆ, ಬಾಡಿದ ಮಲ್ಲಿಗೆ, ಹೆಸರಿಸಬಾರದ ಪುಡಿಕೆಯ ತಂಬಾಕು ಇವೆಲ್ಲ ಸೇರಿದ ಆ ತಗಡಿನ ಆವರಣವು ತಾನೇ ಒಂದು ದೇಗ್ ಆಗಿಬಿಡುವುದರಿಂದ ಶುದ್ಧ ಪರೀಕ್ಷೆ ಸಾಧ್ಯವಿಲ್ಲವೆಂದು ಆಕ್ಷೇಪಿಸುವವರಿಗೆ, ವರಾಹಮಿಹಿರನ ಗಣಿತದಲ್ಲಿ ಸೇರದ ಭೇದಗಳೂ ಇವೆಯೆಂಬುದೇ ಉತ್ತರ. ಪಕ್ಕದಲ್ಲಿ ಕುಳಿತ ಹೆಂಗಸೊಬ್ಬಳು ಕಿಟಕಿಯಿಂದ ಆಕಾಶವನ್ನು ಇಣುಕಿ ನೋಡಿ, ‘ಎಲ್ಲಿ ಬಿದ್ದಾದ ಮಳಿ?’ ಎಂದು ಕಂಡಕ್ಟರನನ್ನು ಕೇಳಿದುದನ್ನು ಮಾತ್ರ ಇಲ್ಲಿ ನಮೂದಿಸುತ್ತೇವೆ. ಆತನು ಚಿಲ್ಲರೆ ಕೇಳಿದನು.

ಹುಮನಾಬಾದಿನಲ್ಲಿ ನಾವು ಇಳಿದುದು ಮಾಣಿಕನಗರಕ್ಕೆ ಹೋಗಲೆಂದು. 1817ರಲ್ಲಿ ಲಾಡವಂತಿಯಲ್ಲಿ ಜನಿಸಿ, ಕಲ್ಯಾಣದಲ್ಲಿ ಬಾಲ್ಯವನ್ನು ಕಳೆದು, ಕೊನೆಗೆ ಇಲ್ಲಿ ನೆಲೆನಿಂತು 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಯಾವ ಮತವನ್ನೂ ನಿರಾಕರಿಸದ ಸಕಲಮತ ಸಂಪ್ರದಾಯವನ್ನು ಬೋಧಿಸಿದವರು. ಮತಗಳಿಗೆ ಸಲ್ಲುವ ಈ ಔದಾರ್ಯವು ಗಂಧಗಳಿಗೂ ಸಲ್ಲಬೇಕಾದುದು ನ್ಯಾಯವೇ. ಊದುಬತ್ತಿ, ಕರ್ಪೂರ, ಹೂವುಗಳ ನಡುವೆ ಅತ್ತರು ವಾದಕ್ಕೆ ನಿಲ್ಲದೆ ಸುಮ್ಮನೆ ಶರಣಾಯಿತು. ಸಮೀಪದ ಜಲಸಂಗ್ವಿಯ ದೇವಾಲಯದಲ್ಲಿ ವಿಕ್ರಮಾದಿತ್ಯನ ಸ್ತುತಿಯನ್ನು ಕಲ್ಲಿನಲ್ಲಿ ಬರೆಯುತ್ತ ನಿಂತ ಶಿಲಾಬಾಲಿಕೆಯ ಮುಂದೆ ಕೈಯೊಡ್ಡಿದಾಗಲೂ ಅಭಿಪ್ರಾಯ ದೊರೆಯಲಿಲ್ಲ. ಒಂಬೈನೂರು ವರ್ಷಗಳಿಂದ ಬರೆಯುತ್ತಿರುವವರು ಮಧ್ಯದಲ್ಲಿ ತಲೆಯೆತ್ತುವುದಿಲ್ಲ.

ಪ್ರಮಾಣವಿಚಾರ. ಗಂಧದ ವಿಷಯದಲ್ಲಿ ಪ್ರತ್ಯಕ್ಷವು ಅತ್ಯಂತ ದುರ್ಬಲವಾದ ಪ್ರಮಾಣವೆಂಬುದು ನಮ್ಮ ಮುಖ್ಯ ಸಿದ್ಧಾಂತ. ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ಘ್ರಾಣಗ್ರಾಹಕಗಳಿವೆ. ಅಂಥ ಗ್ರಾಹಕಗಳ ವಂಶವನ್ನು ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಇವರಿಗೆ 2004ರಲ್ಲಿ ನೊಬೆಲ್ ಬಹುಮಾನವೂ ಬಂದಿದೆ. ಇಷ್ಟು ಸಿಬ್ಬಂದಿಯಿದ್ದರೂ, ಒಂದೇ ವಾಸನೆ ಎಡೆಬಿಡದೆ ಬರುತ್ತಿದ್ದರೆ ಮೂಗು ಕೆಲವೇ ನಿಮಿಷಗಳಲ್ಲಿ ಅದನ್ನು ಗಣನೆಗೆ ತೆಗೆದುಕೊಳ್ಳುವುದನ್ನು ಬಿಟ್ಟುಬಿಡುತ್ತದೆ. ಹೀಗಾಗಿ ಹಚ್ಚಿಕೊಂಡವನಿಗೆ ತನ್ನ ಗಂಧವು ಆವಿಯಾಗಿಹೋಯಿತೆಂಬ ಭ್ರಾಂತಿ; ಭ್ರಾಂತಿಯಿಂದ ಪುನರ್ಲೇಪ; ಪುನರ್ಲೇಪದಿಂದ ಪಡಸಾಲೆ ಖಾಲಿ. ಲೋಕದಲ್ಲಿ ಅತಿಯಾಗಿ ಅತ್ತರು ಹಚ್ಚುವವರೆಲ್ಲ ಭೋಗಲಾಲಸರಲ್ಲ, ಪ್ರತ್ಯಕ್ಷಪ್ರಮಾಣವನ್ನು ನಂಬಿದ ಮುಗ್ಧರು. ಆದುದರಿಂದ ಆಪ್ತವಾಕ್ಯವೇ ಗತಿ.

ಆಪ್ತರಲ್ಲಿ ಮೊದಲಿಗಳಾದ ಅಕ್ಕನ ವಾಕ್ಯ: ‘ತಮ್ಮಾ, ಇದೇನ್ ಹಚ್ಚಿಕೊಂಡಿಯೋ? ಹೊಸಾ ಗಡಿಗಿ ನೆನಿ ಹಾಕ್ದಂಗ ಹೊಡಿಲತ್ತದ.’ ಭಾವನು ಮರ್ಯಾದೆಯುಳ್ಳವನಾದುದರಿಂದ ಫ್ಯಾನಿನ ವೇಗವನ್ನು ಹೆಚ್ಚಿಸಿದನಷ್ಟೆ. ಭಾವನ ತಂದೆ, ಮನೆಮಂದಿಯೆಲ್ಲ ಮುತ್ಯಾ ಎನ್ನುವ ವೃದ್ಧರು, ಎಷ್ಟೋ ಕಾಲದಿಂದ ತಪಕೀರ ಸೇದಿ ಮೂಗನ್ನು ಆ ಒಂದೇ ಉದ್ಯೋಗಕ್ಕೆ ಮುಡಿಪಾಗಿಟ್ಟವರಾದ ಕಾರಣ, ನಮ್ಮ ಮುಂಗೈಯನ್ನು ಹಿಡಿದು ಮೂಸಿ, ‘ನಂಗೇನ್ ಬರವಲ್ದಪಾ’ ಎಂದು ಬಿಟ್ಟುಬಿಟ್ಟರು. ಅವರನ್ನು ಪ್ರಮಾಣಪಟ್ಟಿಯಿಂದ ವಜಾ ಮಾಡಲಾಯಿತು. ಅಡುಗೆಮನೆಯ ಬಾಗಿಲಲ್ಲಿ ನಡೆಸಿದ ಉಪಪರೀಕ್ಷೆಯಲ್ಲಿ, ಹೆಂಚಿನ ಮೇಲಿನ ಜೋಳದ ರೊಟ್ಟಿ ಮತ್ತು ಪುಂಡಿಪಲ್ಯದ ಬೆಳ್ಳುಳ್ಳಿ ಒಗ್ಗರಣೆಗಳ ಎದುರಿಗೆ ಕನೌಜಿನ ಸಮಸ್ತ ವಿದ್ಯೆಯೂ ನಿಷ್ಫಲವಾಯಿತೆಂಬುದನ್ನು ಪಕ್ಷಪಾತವಿಲ್ಲದೆ ಹೇಳಬೇಕು.

ಕೊನೆಯ ಪರೀಕ್ಷೆಯನ್ನು ಮುಂಗಾರಿನ ಹೊಸ್ತಿಲಲ್ಲಿ ಇಟ್ಟುಕೊಂಡೆವು. ಕಲ್ಯಾಣದ ಸುತ್ತಿನ ಎರೆಮಣ್ಣಿಗೆ ಮೊದಲ ಮಳೆ ಬಿದ್ದಾಗ ಏಳುವ ನಿಜಗಂಧವನ್ನೂ ಸೀಸೆಯ ಮಿಟ್ಟಿಯನ್ನೂ ಒಂದೇ ಮೂಗಿನಲ್ಲಿ ಹೋಲಿಸಿ ನೋಡತಕ್ಕದ್ದೆಂದು, ಮೋಡ ಕವಿಯುವುದನ್ನು ಕಂಡೊಡನೆ ಎರಡೂ ಅಂಗೈಗೆ ಧಾರಾಳವಾಗಿ ಲೇಪಿಸಿಕೊಂಡು ಅಂಗಳದಲ್ಲಿ ನಿಂತಿರಲಾಗಿ, ಅಕ್ಕನು ಒಳಗಿನಿಂದ, ‘ವಾಸ್ನಿ ಆಮ್ಯಾಲ ನೋಡೀವಂತ, ಮಾಳಗಿ ಮ್ಯಾಲಿನ ಸಂಡಿಗಿ ಮೊದಲ್ ತೊಗೊಂಬಾ’ ಎಂದು ಕೂಗಿದಳು. ಆಪ್ತವಾಕ್ಯವನ್ನು ಮೀರುವಂತಿಲ್ಲ. ಬಿಳಿಯ ಧೋತರದ ಮೇಲೆ ಸಾಲಾಗಿ ಒಣಗಿದ್ದ ಸಂಡಿಗೆಗಳನ್ನು ಅವೇ ಅಂಗೈಗಳಿಂದ ಬಾಚಿ ಬಾಚಿ ಬುಟ್ಟಿಗೆ ತುಂಬಿ ಕೆಳಗಿಳಿದು ಬಾಗಿಲು ಸೇರಿದ ಮೇಲೆಯೇ ಮೊದಲ ಹನಿ ಬಿದ್ದಿತು. ಅನಂತರ ಊರಿಗೆ ಊರೇ ಮಿಟ್ಟಿಯಾಗಿಬಿಟ್ಟಿತಾಗಿ ಹೋಲಿಕೆಗೆ ಆಸ್ಪದವೇ ಉಳಿಯಲಿಲ್ಲ. ಸಂಡಿಗೆಗಳು ಬಿಗಿಮುಚ್ಚಳದ ತಗಡಿನ ಡಬ್ಬಿಯನ್ನು ಸೇರಿದುವು.

ಕಾರಹುಣ್ಣಿಮೆಯ ದಿನ ಹೋಳಿಗೆಯ ಊಟಕ್ಕೆ ಅವನ್ನು ಕರಿದು ಬಡಿಸಲಾಯಿತು. ಮುತ್ಯಾ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಅಗಿಯುವುದನ್ನು ನಿಲ್ಲಿಸಿ, ಉಳಿದ ಅರ್ಧವನ್ನು ಆ ವಜಾಗೊಂಡ ಮೂಗಿನ ಬಳಿಗೆ ಹಿಡಿದು, ಸೊಸೆಯ ಕಡೆ ತಿರುಗಿ, ‘ಸಂಡಿಗಿ ಮಳ್ಯಾಗ ತೊಯ್ಯಸೀರೇನವಾ?’ ಎಂದರು.

‘ಇಲ್ರೀ ಮಾಮಾ, ಒಂದ್ ಹನಿ ಬಿದ್ದಿಲ್ಲ ಅವಕ’ ಎಂದಳು ಅಕ್ಕ.