ಯಂತ್ರದ ಮನಸ್ಸು, ಪ್ರೋಗ್ರಾಮರ್‌ನ ಚಪಲ

ಪ್ರೋಗ್ರಾಮರ್‌ಗಳು ಚಹಾಕ್ಕೆ ಸೇರಿದರೆ ಸಂಬಳ, ಟ್ರಾಫಿಕ್ಕು ಮುಗಿದ ಮೇಲೆ ವೇದಾಂತ ಶುರು. ಯಂತ್ರಕ್ಕೆ ಸ್ವಂತ ಇಚ್ಛೆ ಇದೆಯೇನ್ರೀ? ತಾನಾಗಿ ಏನನ್ನೂ ಹುಟ್ಟಿಸದು, ಹೇಳಿದ್ದನ್ನು ಮಾಡೀತು ಅಷ್ಟೇ ಎಂದು ಗಣಿತಜ್ಞೆ ಏಡಾ ಲವ್‌ಲೇಸ್ 1843ರಲ್ಲೇ ಬರೆದಿದ್ದರು. 1950ರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ತಕರಾರು ತೆಗೆದರು: ಯಂತ್ರಗಳು ನನ್ನನ್ನು ಆಗಾಗ ಬೆರಗುಗೊಳಿಸುತ್ತವಲ್ಲ! ಪ್ರಿಂಟರ್ ಇಟ್ಟುಕೊಂಡವರೆಲ್ಲ ಟ್ಯೂರಿಂಗ್ ಪಕ್ಷ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬಳಸುವವರಿಗಂತೂ ಅನುಮಾನ ಇನ್ನೂ ಜಾಸ್ತಿ. ಮೆಮೊರಿ ಪೂರ್ತಿ ತುಂಬಿಹೋದಾಗ ಅದರ ತಿರುಳಾದ ಕರ್ನಲ್, ಓಡುತ್ತಿರುವ ಪ್ರೋಗ್ರಾಮ್‌ಗಳಿಗೆಲ್ಲ ಅಂಕ ಹಾಕಿ, ಹೆಚ್ಚು ಅಂಕ ಬಂದದ್ದರ ಕತ್ತು ಹಿಸುಕುತ್ತದೆ. ಹೆಚ್ಚು ತಿಂದವರಿಗೆ ಹೆಚ್ಚು ಅಂಕ. ಸಾಮಾನ್ಯವಾಗಿ ಬಲಿಯಾಗುವುದು ನೀವು ಹತ್ತಾರು ಟ್ಯಾಬ್ ತೆರೆದಿಟ್ಟ ಬ್ರೌಸರ್. ಇದು ಇಚ್ಛೆಯೋ, ಬರೀ ಕೂಡು-ಕಳೆಯುವ ಲೆಕ್ಕವೋ? ಇನ್ನು ಗುಟ್ಟಿನ ಕೀಗಳಿಗೆ ಬೇಕಾದ ಯದ್ವಾತದ್ವಾ ಸಂಖ್ಯೆಗಳಿಗಾಗಿ, ನಾವು ಕೀಲಿಮಣೆ ಕುಟ್ಟುವ, ಮೌಸ್ ಅಲ್ಲಾಡಿಸುವ ಹೊತ್ತಿನ ಏರುಪೇರನ್ನೂ ಅದು ಕೂಡಿಹಾಕಿಕೊಳ್ಳುತ್ತದೆ. ಅಂದರೆ ಅದರ ಚಂಚಲತೆ ನಮ್ಮಿಂದಲೇ ಕಡ ತಂದದ್ದು.

ಯಂತ್ರದ ಚಂಚಲತೆ ಹೀಗಾದರೆ, ಪ್ರೋಗ್ರಾಮರ್‌ಗಳ ಚಪಲ ಇನ್ನೊಂದು ಬಗೆ: ಈ ಜನಕ್ಕೆ ಲಿನಕ್ಸೂ ಸಾಲದು. ಬಿಓಎಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್‌ನ ವಾರಸುದಾರ ಹೈಕುವನ್ನು ಹಾಕಿಕೊಂಡು, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬೂಟ್ ಆಯ್ತು ನೋಡಿ ಎಂದು ಬೀಗುತ್ತಾರೆ. ವೈಫೈ ಸಿಕ್ಕಿತೇ ಎಂದು ಮಾತ್ರ ಕೇಳಬಾರದು. 2001ರಲ್ಲಿ ಶುರುವಾದ ಈ ಯೋಜನೆಯ ಮೊದಲ ಬೀಟಾ ಆವೃತ್ತಿ ಬಂದದ್ದು 2018ರಲ್ಲಿ. ನಮ್ಮೂರ ಫ್ಲೈಓವರ್ ಗುತ್ತಿಗೆದಾರರು ಸಮಾಧಾನಪಟ್ಟುಕೊಳ್ಳಬಹುದು.

ನಿಮಗೂ ಚಪಲವಿದ್ದರೆ ಹೈಕುವನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ಮಗಳ ಮದುವೆಯ ಫೋಟೊ ಇರುವ ಹಾರ್ಡ್‌ಡಿಸ್ಕ್ ತಂಟೆಗೆ ಮಾತ್ರ ಹೋಗಬೇಡಿ.