ನೇರಳೆ ಮುಚ್ಚಳದ ಚಾಡಿಕೋರ

ನಿಜ ಹೇಳಿ, ನಾಳೆ ಬೆಳಗ್ಗೆ ಶುಗರ್ ಟೆಸ್ಟು ಅಂದ್ರೆ ನಿಮ್ಮ ಪಥ್ಯ ಯಾವತ್ತಿಂದ ಶುರು? ಡಾಕ್ಟರು ಚೀಟಿ ಬರೆದ ದಿನದಿಂದ ಅಂತ ಮಾತ್ರ ಹೇಳ್ಬೇಡಿ. ಮೊನ್ನೆ ಸೋಮವಾರದಿಂದ ತಾನೇ? ಭಾನುವಾರ ಮದುವೆ ಮನೇಲಿ ಒಬ್ಬಟ್ಟಿನ ಮೇಲೆ ತುಪ್ಪ ಸುರಿಸ್ಕೊಂಡು (ಹಾಲೂ ಬರ್ಲಿ ಅಂತ ಕೂಗಿದ್ದು ಯಾರು?) ತಿಂದವರು, ಈಗ ಮುದ್ದೆ ಸೊಪ್ಪಿನ ಸಾರು, ಮೇಲೆ ಹಾಗಲಕಾಯಿ ರಸ. ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಹೀಗೇ ಅಲ್ವಾ ಓದಿದ್ದು?

ಎಂಟು ಗಂಟೆ ಖಾಲಿ ಹೊಟ್ಟೇಲಿದ್ರೆ ಸಾಕು ಅಂತಾರೆ ಲ್ಯಾಬಿನವರು. ನೀವು ಹನ್ನೆರಡು ಗಂಟೆ ಇದ್ದು, ಪಾರ್ಕಲ್ಲಿ ನಾಲ್ಕು ರೌಂಡು ಹೊಡೆದು, ಬೆವರಿಳಿಸ್ಕೊಂಡು ಬಂದು ಬೆಂಚಿನ ಮೇಲೆ ಕೂರ್ತೀರಿ. ಪಕ್ಕದವರ ಹತ್ರ "ನಿಮ್ಮದೆಷ್ಟು ಸಾರ್?" ಅಂತ ವಿಚಾರಣೆ ಬೇರೆ. 126 ಮುಟ್ಟಿದ್ರೆ ಫೇಲು, ನೂರರೊಳಗಿದ್ರೆ ಫಸ್ಟ್ ಕ್ಲಾಸು. 99 ಬಂದವರು ರಿಪೋರ್ಟನ್ನ ಫ್ಯಾಮಿಲಿ ಗ್ರೂಪಿಗೆ ಹಾಕ್ತಾರೆ!

ತಿಂಡಿ ಆದ್ಮೇಲಿನ ಟೆಸ್ಟು ಇನ್ನೂ ಚೆಂದ. ಎದುರಿನ ಹೋಟ್ಲಲ್ಲಿ ದಿನಾ ಮಸಾಲೆದೋಸೆ, ಹಿಂದೇನೇ ಕೇಸರಿಬಾತು ಹೇಳೋರು, ಅವತ್ತು ಎರಡು ಇಡ್ಲಿ ತರಿಸಿ ಒಂದೂವರೆ ತಿಂದು ಸಕ್ಕರೆ ಇಲ್ಲದ ಕಾಫಿ ಕೇಳ್ತೀರಿ. ಸಪ್ಲೈಯರ್‌ಗೇ ಗಾಬರಿ. "ಯಾಕ್ ಸಾರ್, ಹುಷಾರಿಲ್ವಾ?"

ರಕ್ತ ತೆಗೆಯೋ ಹುಡುಗಿ ಕೈಲಿ ಎರಡು ಟ್ಯೂಬಿತ್ತು, ನೋಡಿದ್ರಾ? (ಎಲ್ಲಿ ನೋಡ್ತೀರಿ, ಸೂಜಿಗೆ ಹೆದರಿ ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಏಕಾದಶಿ ಹುಡುಕ್ತಿದ್ರಿ.) ಬೂದು ಮುಚ್ಚಳದ್ದು ಶುಗರ್‌ಗೆ. ಅದರಲ್ಲಿ ಫ್ಲೋರೈಡ್ ಹಾಕಿರ್ತಾರೆ. ಯಾಕಂದ್ರೆ ಮೈಯಿಂದ ಹೊರಗೆ ಬಂದ ಮೇಲೂ ರಕ್ತಕಣಗಳು ಟ್ಯೂಬಲ್ಲಿರೋ ಸಕ್ಕರೆ ತಿಂತಾನೇ ಇರ್ತವೆ. (ಯಜಮಾನರ ಬುದ್ಧಿ ಎಲ್ಲಿ ಹೋಗುತ್ತೆ!) ಈ ಬೂದು ಟ್ಯೂಬು ಪಾಪ, ಆ ಹೊತ್ತಿಂದಷ್ಟೇ ಹೇಳುತ್ತೆ. ನಿಮ್ಮ ಮೂರು ದಿನದ ಸನ್ಯಾಸ ಅದರ ಹತ್ರ ನಡೆಯುತ್ತೆ.

ನೇರಳೆ ಮುಚ್ಚಳದ್ದು ಮಹಾ ಚಾಡಿಕೋರ. ಅದು ಎಚ್‌ಬಿಎ1ಸಿಗೆ, ನಮ್ಮ ಬಾಯಲ್ಲಿ 'ಮೂರು ತಿಂಗಳ ಆವರೇಜು'. ಒಂದು ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಅದರೊಳಗಿನ ಹಿಮೋಗ್ಲೋಬಿನ್‌ಗೆ ಅಂಟ್ಕೊಳ್ಳುತ್ತೆ. ಅಂಟಿದ್ದು ಕಣ ಸಾಯೋವರೆಗೂ ಬಿಡಲ್ಲ. ಮದುವೆ ಮನೆ ಒಬ್ಬಟ್ಟಿರಲಿ, ರಾತ್ರಿ ಹನ್ನೊಂದಕ್ಕೆ ಫ್ರಿಜ್ಜಿನ ಬೆಳಕಲ್ಲಿ ನಿಂತು ನುಂಗಿದ ಜಾಮೂನಿರಲಿ (ಮನೆಯವರಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೀರಲ್ಲ, ಅದೇ), ಎಲ್ಲಾ ಜಮಾ. ಇದಕ್ಕೆ ಉಪವಾಸವೂ ಬೇಡ. "ತಿಂದ್ಕೊಂಡೇ ಬನ್ನಿ ಸಾರ್" ಅಂತಾರೆ, ಅಷ್ಟು ಧೈರ್ಯ ಅದಕ್ಕೆ!

ಬೈಯೋದಾದ್ರೆ ಸ್ಯಾಮ್ಯುಯೆಲ್ ರಹಬರ್ ಅವರನ್ನ ಬೈಯಿರಿ. 1968ರಲ್ಲಿ ಇರಾನಿನ ಟೆಹರಾನಲ್ಲಿ ಕೂತು, ಸಕ್ಕರೆ ಕಾಯಿಲೆಯವರ ಹಿಮೋಗ್ಲೋಬಿನ್ ಬೇರೆ ಥರ ಇದೆಯಲ್ಲ ಅಂತ ಪತ್ತೆ ಹಚ್ಚಿದವರು ಅವರೇ. ನಮ್ಮ ಹಳೇ ವೈದ್ಯರು ಮೂತ್ರಕ್ಕೆ ಇರುವೆ ಮುತ್ತುತ್ತಾ ಅಂತ ನೋಡ್ತಿದ್ರಂತೆ. ಇರುವೆಗೆ ಹೋದ ತಿಂಗಳ ಜಾಮೂನು ಎಲ್ಲಿ ಗೊತ್ತಾಗ್ಬೇಕು?

ಸಂಜೆ ರಿಪೋರ್ಟು ಬಂತು. ಖಾಲಿ ಹೊಟ್ಟೇದು 108, ನೇರಳೇದು 7.4. ಆರೂವರೆ ಆದ್ರೇನೇ ಸಕ್ಕರೆ ಕಾಯಿಲೆ ಲೆಕ್ಕ. ಡಾಕ್ಟರು ಕನ್ನಡಕದ ಮೇಲಿಂದ ನೋಡ್ತಾರೆ, ನೀವು "ಲ್ಯಾಬೇ ಸರಿಯಿಲ್ಲ" ಅಂತೀರಿ. (ರಕ್ತಹೀನತೆ ಇದ್ರೆ ಈ ಲೆಕ್ಕ ತಪ್ಪೋದುಂಟು. ತಕ್ಷಣ "ನಂಗೂ ಅದೇ" ಅನ್ಬೇಡಿ, ನಿಮ್ಮ ಹಿಮೋಗ್ಲೋಬಿನ್ 15 ಅಂತ ಅದೇ ಹಾಳೇಲಿ ಬರೆದಿದೆ.)

ನವೆಂಬರಲ್ಲಿ ಮತ್ತೆ ಮಾಡಿಸಿ ಅಂದ್ರಾ? ಹತ್ರ ಬನ್ನಿ, ಒಂದು ಗುಟ್ಟು ಹೇಳ್ತೀನಿ. ಆವರೇಜು ಅಂದ್ರೂ ಮೂರು ತಿಂಗಳಿಗೂ ಸಮಪಾಲಿಲ್ಲ, ಹೆಚ್ಚುಕಮ್ಮಿ ಅರ್ಧ ಕೊನೇ ತಿಂಗಳದ್ದೇ. ಅಗೋ, ಕಣ್ಣು ಹೊಳೀತು! ಗಣೇಶನ ಕಡುಬು ನಡೆಯುತ್ತೆ, ದಸರಾದ್ದೂ ನಡೆಯುತ್ತೆ, ಆಮೇಲೆ ಮುದ್ದೆ ಸೊಪ್ಪು ಅಂತ ಬೆರಳು ಮಡಚ್ತಿದ್ದೀರಿ ತಾನೇ? ನಾನೂ ಹಾಗೇ ಎಣಿಸಿದ್ದೆ. ಸರಿಯಾಗಿ ಕೊನೇ ತಿಂಗಳಲ್ಲೇ ದೀಪಾವಳಿ ಬಂದು ಕೂತಿದೆ ಕಣ್ರೀ.